ಕೌದಿಯ ಹೊಟ್ಟೆ

ನಮ್ಮ ಮೊಮ್ಮಗಳನ್ನು ರಾತ್ರಿ ಕಡಿಯುತ್ತಿದ್ದದ್ದು ಯಾವ ಹುಳ ಅಂತ ಗೊತ್ತಾಗುವ ಮೊದಲೇ ನಾವು ಅದರ ಮೇಲೆ ಯುದ್ಧ ಶುರು ಮಾಡಿಬಿಟ್ಟಿದ್ದೆವು. ಕೊನೆಗೆ ಗೆದ್ದವರೂ ನಾವೇ. ಗೆಲುವು ಯಾರ ಹೆಸರಿಗೆ ಹೋಯಿತು ಅನ್ನುವುದು ಬೇರೆ ಮಾತು.

ಆಗ ನಾವು ರಾಮಮೂರ್ತಿ ನಗರದಲ್ಲಿ ದೊಡ್ಡಮುನಿಯಪ್ಪನವರ ವಠಾರದಲ್ಲಿದ್ದೆವು. ಸಾಲಾಗಿ ಕಟ್ಟಿದ ಶೀಟಿನ ಮನೆಗಳು. ಒಳಗೆ ಒಂದು ಕೋಣೆ, ಮೂಲೆಯಲ್ಲಿ ಅಡುಗೆಕಟ್ಟೆ, ಮುಂದೆ ಎಲ್ಲರಿಗೂ ಸೇರಿದ ಅಂಗಳ. ನಾನು ಮಾನಮ್ಮ, ಮಾನ್ವಿ ಕಡೆಯವಳು. ಯಜಮಾನರ ಜೊತೆ ಗಾರೆ ಕೆಲಸಕ್ಕೆ ಬಂದು, ಅವರು ತೀರಿಹೋದ ಮೇಲೂ ಇಲ್ಲೇ ಉಳಿದೆ. ಮಗ ಲಕ್ಷ್ಮಿಕಾಂತ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಸುರಪುರದಿಂದ ಸೊಸೆ ತಂದೆವು, ಜಯಮಾಲಾ. ಚೊಚ್ಚಲ ಬಾಣಂತನಕ್ಕೆ ಅಂತ ತವರಿಗೆ ಹೋದ ಹುಡುಗಿ ತಿರುಗಿ ಬರುವ ಹೊತ್ತಿಗೆ ನನ್ನ ಕಣ್ಣು ದಾರಿಗೇ ಅಂಟಿಹೋಗಿತ್ತು. ಅವಳ ತಾಯಿ ಪ್ರೇಮಕ್ಕ ಒಮ್ಮೆ ಆಷಾಢ ಅಂದರು, ಒಮ್ಮೆ ಅಮಾವಾಸ್ಯೆ ಅಂದರು, ಒಮ್ಮೆ ಕೂಸಿಗೆ ಶೀತ ಅಂದರು. ಗಣಪತಿ ಹಬ್ಬ ಮುಗಿದ ಮೇಲೆ, ಇನ್ನು ಯಾವ ನೆಪವೂ ಉಳಿಯದೆ, ಮಗಳನ್ನೂ ಮೊಮ್ಮಗಳು ಅಂಜಲಿಯನ್ನೂ ಕರೆದುಕೊಂಡು ತಾವೇ ಬಂದರು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು, ಆಟೋದ ತಲೆಯ ಮೇಲೆ ಬಣ್ಣದ ತೊಟ್ಟಿಲು ಕಟ್ಟಿಕೊಂಡು ಅವರು ನಮ್ಮ ಬೀದಿಗೆ ಬಂದಾಗ ವಠಾರದ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಿದರು.

ತೊಟ್ಟಿಲಿನ ಜೊತೆ ಕೂಸಿನ ತಲೆಗೆ ಕಟ್ಟುವ ಕುಂಚಿಗೆ, ಕಾಲ್ಗಡಗ ಎಲ್ಲ ಬಂದಿದ್ದವು. ಎಲ್ಲಕ್ಕಿಂತ ಚೆಂದವಾದದ್ದು ಒಂದು ಪುಟ್ಟ ಕೌದಿ. ಹಳೆಯ ಇಳಕಲ್ ಸೀರೆಗಳ ತುಂಡುಗಳನ್ನು ಕೂಡಿಸಿ ಪ್ರೇಮಕ್ಕ ತಮ್ಮ ಕೈಯಾರೆ ಹೊಲಿದದ್ದು. ಕೆಂಪು, ದಾಳಿಂಬೆ, ಇಟ್ಟಿಗೆ ಬಣ್ಣ. ಹೊಲಿಗೆ ಅಂದರೆ ಸಾಸಿವೆ ಸಾಲಾಗಿ ಇಟ್ಟಂತೆ. ನಡುವೆ ಒಂದು ಅಂಗೈಯಗಲದ ಚೌಕ, ಅದು ಕೌದಿಯ ಹೊಟ್ಟೆ. ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ಆ ಚೌಕವನ್ನು ಕೊನೆಗೆ ಬಿಟ್ಟು, ಅದರೊಳಗೆ ಏನಾದರೂ ತಿನ್ನುವುದನ್ನು ಇಟ್ಟು ಮುಚ್ಚಿ ಹೊಲಿಯುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಅನ್ನುವ ನಂಬಿಕೆ. ಬಡವರು, ಉಳ್ಳವರು, ಎಲ್ಲರೂ ಮಾಡುವುದೇ.

"ಹೊರಡೋ ಹಿಂದಿನ ದಿನ ಹೊಟ್ಟಿ ತುಂಬ ಉಣಿಸಿ ಹೊಲದೀನಿ ಬೀಗತಿಯವ್ರ," ಅಂದರು ಪ್ರೇಮಕ್ಕ. "ನನ್ನ ಮೊಮ್ಮಗಳು ಯಾವತ್ತೂ ಹಸೀಬಾರ್ದು ನೋಡ್ರಿ."

"ಚಲೋ ಆತು ಬಿಡ್ರಿ," ಅಂದೆ. ಶೀಟಿನ ಕೆಳಗಿನ ಕಬ್ಬಿಣದ ಪೈಪಿಗೆ ಹಗ್ಗ ಹಾಕಿ ಲಕ್ಷ್ಮಿಕಾಂತ ತೊಟ್ಟಿಲು ಕಟ್ಟಿದ. ಕೂಸನ್ನು ಕೌದಿಯ ಮೇಲೆ ಮಲಗಿಸಿ ತೂಗಿದೆವು. ನನ್ನ ಮನೆಯಲ್ಲಿ ತೊಟ್ಟಿಲು ಕಿರ್ರ್ ಅಂದ ಆ ಸದ್ದು, ಏನು ಹೇಳಲಿ, ಅದಕ್ಕೇ ಅಷ್ಟು ದಿನ ಕಾದಿದ್ದೆ.

ಆ ರಾತ್ರಿಯೇ ಕೂಸು ಕಿಟಾರನೆ ಕಿರುಚಿಕೊಂಡಿತು.

ಜಯಮಾಲಾ ದಡಬಡನೆ ಎದ್ದು ಎತ್ತಿಕೊಂಡಳು. ದೀಪ ಹಾಕಿ ನೋಡಿದರೆ ಬೆನ್ನು, ತೊಡೆ, ಕುತ್ತಿಗೆಯ ಹಿಂದೆಲ್ಲ ಕೆಂಪು ಗುಳ್ಳೆ. "ಗುಂಗಾಡಿ," ಅಂದರು ಪ್ರೇಮಕ್ಕ. ಸೊಳ್ಳೆಗೆ ನಮ್ಮ ಕಡೆ ಗುಂಗಾಡಿ ಅನ್ನುತ್ತೇವೆ. "ನಮ್ಮ ಸುರಪುರದಾಗ ಈ ಕೂಸಿನ ಮೈ ಮ್ಯಾಲ ನೊಣ ಸೈತ ಕುಂತಿಲ್ಲ. ಏನು ಊರೋ ಇದು!"

ಮಾರನೇ ದಿನ ಸೊಳ್ಳೆಬತ್ತಿ ಹಚ್ಚಿದೆವು. ಕೂಸು ಕೆಮ್ಮಿತು, ನಾವೂ ಕೆಮ್ಮಿದೆವು, ಕಡಿತ ಮಾತ್ರ ನಿಲ್ಲಲಿಲ್ಲ. ಲಕ್ಷ್ಮಿಕಾಂತ ಕೆ.ಆರ್. ಪುರದ ಸಂತೆಯಿಂದ ಸೊಳ್ಳೆಪರದೆ ತಂದು ತೊಟ್ಟಿಲ ಸುತ್ತ ಇಳಿಬಿಟ್ಟ. ರಾಣಿಯ ಪಲ್ಲಕ್ಕಿಯ ಹಾಗೆ ಕಾಣುತ್ತಿತ್ತು. ರಾಣಿ ನಡುರಾತ್ರಿ ಮತ್ತೆ ಕಿರುಚಿದಳು. ಪರದೆಯೊಳಗೆ ಒಂದು ಸೊಳ್ಳೆಯೂ ಇಲ್ಲ.

"ಹಾಗಾದ್ರೆ ಖಟ್ಮಲ್ಲೇ ಅಮ್ಮಾ," ಅಂದಳು ಪಕ್ಕದ ಮನೆಯ ಜಹನಾರಾ. ಅವಳ ಗಂಡ ವಾಜಿದ್ ಹಾಸಿಗೆಗೆ ಹತ್ತಿ ಹಿಂಜುವವನು, ಆದ್ದರಿಂದ ಹಾಸಿಗೆಯ ವಿಷಯದಲ್ಲಿ ಅವಳ ಮಾತೇ ಕೊನೆ. "ತಿಗಣೆ ಇದಾವೆ ನೋಡಿ, ಸೊಳ್ಳೆ ಥರ ಹಾಡ್ಕೊಂಡು ಬರಲ್ಲ. ಬಾಯಿ ಮುಚ್ಕೊಂಡು ಬಂದು, ತಿಂದು, ಹೋಗ್ಬಿಡ್ತಾವೆ. ನಮ್ಮ ಅತ್ತೆ ಥರ."

ಜಹನಾರಾ ನನಗೆ ಮಗಳ ವಯಸ್ಸಿನವಳು, ಆದರೂ ಅಕ್ಷರ ಕಲಿಯಲು ಹೋಗುತ್ತಿದ್ದ ರಾತ್ರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳು ಅಲ್ಲೂ ಹೋಗಿ ಡಂಗುರ ಹೊಡೆದಳು. ಅವತ್ತು ಒತ್ತಕ್ಷರದ ಪಾಠ ಅರ್ಧಕ್ಕೆ ನಿಂತು, ಇಡೀ ತರಗತಿ ತಿಗಣೆ ಕೊಲ್ಲುವ ಪಾಠ ಶುರು ಮಾಡಿತು. ಒಬ್ಬಳು ಬೇವಿನಸೊಪ್ಪಿನ ಹೊಗೆ ಅಂದಳು, ಇನ್ನೊಬ್ಬಳು ಲಕ್ಕಿಸೊಪ್ಪು ಅಂದಳು. ಮಂಚದ ಕಾಲಿನ ಕೆಳಗೆ ಸೀಮೆಎಣ್ಣೆಯ ಡಬ್ಬಿ ಇಡಿ ಅಂತ ಹಿಂದಿನ ಬೆಂಚಿನಿಂದ ಕೂಗಿದರು. ಮೇಷ್ಟರೂ ಸೀಮೆಸುಣ್ಣ ಕೆಳಗಿಟ್ಟು, "ಕುದಿಯೋ ನೀರು ಸುರೀರಿ, ಬೇರೆ ದಾರಿಯೇ ಇಲ್ಲ," ಅಂದರು.

ಎಲ್ಲವನ್ನೂ ಮಾಡಿದೆವು. ಮಂಚವನ್ನು ಅಂಗಳಕ್ಕೆ ಎಳೆದು, ಸಂದುಸಂದಿಗೂ ಕುದಿಯುವ ನೀರು ಸುರಿದೆವು. ತಿಗಣೆ ಒಂದೂ ಹೊರಗೆ ಬರಲಿಲ್ಲ, ಮನೆ ಮಾಲೀಕರು ಬಂದರು. ದೊಡ್ಡಮುನಿಯಪ್ಪನವರು ಹೆಗಲ ಮೇಲಿನ ಟವಲು ಸರಿಮಾಡಿಕೊಂಡು, ಹರಿಯುತ್ತಿದ್ದ ನೀರನ್ನೂ ನನ್ನನ್ನೂ ನೋಡಿದರು.

"ಏನಮ್ಮಾ ಮಾನಮ್ಮ, ನನ್ ಗೋಡೇನೂ ಬೇಯಿಸ್ಬಿಡ್ತೀರಾ? ನನ್ ವಠಾರದಲ್ಲಿ ಇಲ್ಲೀವರ್ಗೂ ತಿಗಣೆ ಅನ್ನೋದೇ ಇಲ್ಲ. ಇದ್ರೆ ಊರಿಂದ ಬಂದಿರೋ ಗಂಟಲ್ಲಿ ಇರ್ಬೇಕು, ನೋಡ್ಕೊಳ್ಳಿ."

ಪ್ರೇಮಕ್ಕ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. "ಯಾರ ಗಂಟಿನಾಗ? ನಮ್ಮ ಗಂಟಿನಾಗೇನು? ನಮ್ಮ ಮನ್ಯಾಗ ಹಾಸಿಗಿ ಬಿಸಿಲಿಗೆ ಹಾಕಲಾರದ ದಿನ ಇಲ್ಲ. ನಿಮ್ಮ ಬೆಂಗಳೂರಾಗ ಬಿಸಿಲರ ಅದ ಏನು, ಹಾಕಲಿಕ್ಕೆ?"

"ಬಿಸಿಲೇನಮ್ಮಾ, ಬೇಕಾದಷ್ಟೈತೆ. ಬಾಡಿಗೆಗೆ ಸೇರ್ಸಿಲ್ಲ, ಪುಕ್ಕಟೆ."

ಹಾಗೆ ಮಾತು ಬೆಳೆಯಿತು. ನಾನು ನಡುವೆ ನಿಂತು ಇಬ್ಬರಿಗೂ ಚಹಾ ಕೊಟ್ಟು ಸಮಾಧಾನ ಮಾಡಿದೆ. ಹಾಸಿಗೆ, ದಿಂಬು, ಕಂಬಳಿ ಎಲ್ಲ ಬಿಚ್ಚಿ ಕೊಡವಿ ನೋಡಿದೆವು. ಕೌದಿಗೆ ಕೈ ಹಾಕಿದಾಗ ಮಾತ್ರ ಪ್ರೇಮಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ಇದು ಹೊಚ್ಚ ಹೊಸಾದು, ಇದರಾಗ ಎಲ್ಲಿಂದ ಬರ್ತಾವ ತಗಣಿ?" ಅಂದು, ತಾವೇ ಗೋಡೆಯ ಮೇಲೆ ಬಿಸಿಲಿಗೆ ಹರವಿದರು. ದಿನಾ ಬೆಳಿಗ್ಗೆ ಅದು ಅವರದೇ ಕೆಲಸ. ಸಂಜೆ ಕೊಡವಿ ಒಳಗೆ ತರುವುದೂ ಅವರೇ.

ಕಡಿತ ಮಾತ್ರ ನಡೆದೇ ಇತ್ತು.

ಒಂದು ಬೆಳಿಗ್ಗೆ ಲಕ್ಷ್ಮಿಕಾಂತ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದ. ಪ್ರೇಮಕ್ಕ ಅವನಿಗೆ ಕೇಳಲಿ ಅಂತಲೇ ನನಗೆ ಹೇಳಿದರು: "ಬೀಗತಿಯವ್ರ, ಸೋಮವಾರ ನಾ ಊರಿಗೆ ಹೊಂಟೀನಿ. ಅಷ್ಟರಾಗ ಕೂಸಿನ ಮೈ ಮ್ಯಾಲ ಗುಳ್ಳಿ ಏಳೋದು ನಿಂತ್ರ ಸರಿ. ಇಲ್ಲಂದ್ರ ಮಗಳು ಮೊಮ್ಮಗಳನ್ನ ನನ್ನ ಸಂಗಾಟ ಕಳಸಬೇಕು. ಅಳಿಯಂದ್ರೂ ಬಂದ್ರ ಛಲೋನೇ. ನಮ್ಮ ಕಿರಾಣಿ ಅಂಗಡಿ ನೋಡಿಕೊಳ್ಳೋರು ಯಾರೂ ಇಲ್ಲ."

ಅಂಗಡಿಯ ಮಾತು ಹೊಸದಲ್ಲ. ಮದುವೆಯಾದ ವರ್ಷದಿಂದಲೂ ಅದು ಹೊಗೆಯಾಡುತ್ತಿತ್ತು. ಮನೆಯಳಿಯನಾಗಿ ಹೋಗುವುದಕ್ಕೆ ನನ್ನ ಮಗನಿಗೆ ಸುತರಾಂ ಮನಸ್ಸಿಲ್ಲ. ಹೆಂಡತಿ ಮಗು ಅಲ್ಲಿ, ಇವನು ಇಲ್ಲಿ ಅಂತಾದರೆ ಎಷ್ಟು ದಿನ ಹಟ ಹಿಡಿದಾನು? ಬಾಣಂತನಕ್ಕೆ ಅಂತ ಹೋದವಳೇ ಬರುವುದು ಅಷ್ಟು ತಡವಾಯಿತಲ್ಲ, ಈಗ ಕೂಸಿಗೆ ಬೆಂಗಳೂರಿನ ಮನೆ ಆಗಿಬರಲಿಲ್ಲ ಅನ್ನುವ ಹೆಸರು ಅಂಟಿ ಹೋದರೆ ತೊಟ್ಟಿಲು ಇನ್ನೊಮ್ಮೆ ನನ್ನ ಪೈಪಿಗೆ ಹತ್ತುವುದಿಲ್ಲ ಅಂತ ನನಗೆ ಗೊತ್ತಿತ್ತು. ಲಕ್ಷ್ಮಿಕಾಂತ ತೊಳೆದ ಕಾಲನ್ನೇ ಮತ್ತೆ ತೊಳೆದ.

ಜಯಮಾಲಾ ಹಿಟ್ಟು ಕಲಸುತ್ತ ನನ್ನ ಹತ್ತಿರ ಸರಿದು ಮೆಲ್ಲಗೆ ಅಂದಳು: "ಅತ್ತಿ, ನನಗ ಹೋಗ್ಲಿಕ್ಕೆ ಮನಸಿಲ್ಲ. ಆದ್ರ ಕೂಸಿನ ಮೈ ನೋಡಿದ್ರ, ಇಲ್ಲೇ ಇರ್ತೀನಿ ಅನ್ಲಿಕ್ಕೂ ಬಾಯಿ ಬರವಲ್ದು."

"ಸೋಮವಾರ ಇನ್ನೂ ಬಂದಿಲ್ಲಲ್ಲವ್ವ," ಅಂದೆ. ಬೇರೆ ಏನು ಹೇಳಲಿ? ನನಗೆ ಗೊತ್ತಿದ್ದ ಒಂದೇ ವಿದ್ಯೆ ಕಾಯುವುದು. ಕಲ್ಲು ಹೊತ್ತ ದಿನಗಳಲ್ಲಿ ಕಲಿತದ್ದು, ಮುದುಕಿಯಾಗಿ ಅಕ್ಷರ ಕಲಿಯುವಾಗಲೂ ಅದೇ ಕೈ ಹಿಡಿದದ್ದು.

ಶನಿವಾರ ಬೆಳಗಿನಿಂದಲೇ ಮೋಡ. ಜಿಟಿಜಿಟಿ ಮಳೆ. ಲಕ್ಷ್ಮಿಕಾಂತನ ಜೊತೆ ಪ್ರೇಮಕ್ಕ, ಜಯಮಾಲಾ ಇಬ್ಬರೂ ಊರಿಗೆ ಒಯ್ಯುವ ಸಾಮಾನು ತರಲು ಪೇಟೆಗೆ ಹೋದರು. ಹೋಗುವ ಮುಂಚೆ ಪ್ರೇಮಕ್ಕ ಆಕಾಶ ನೋಡಿ, ಲೊಚಗುಟ್ಟಿ, ಕೌದಿಯನ್ನು ತೊಟ್ಟಿಲಲ್ಲೇ ಬಿಟ್ಟರು. ಕೂಸು ಹಾಲು ಕುಡಿದು ನನ್ನ ತೊಡೆಯ ಮೇಲೆ ನಿದ್ದೆಹೋಗಿತ್ತು. ಇಳಿಸಿದರೆ ಏಳುತ್ತದೆ ಅಂತ ಹಾಗೇ ಗೋಡೆಗೆ ಒರಗಿ ಕೂತೆ. ಮಾಡಲು ಏನೂ ಕೆಲಸವಿಲ್ಲ, ನೋಡಲು ಎದುರಿಗೆ ಖಾಲಿ ತೊಟ್ಟಿಲು.

ಆಗ ಯೋಚನೆ ಬಂತು. ಈ ಕೂಸು ಹಗಲು ಇದೇ ತೊಟ್ಟಿಲಲ್ಲಿ ಮಲಗುತ್ತದೆ, ಒಂದು ದಿನವೂ ಕಡಿಸಿಕೊಂಡಿಲ್ಲ. ತಿಗಣೆಗೆ ಹಗಲು ನಾಚಿಕೆ ಅನ್ನೋಣ. ಆದರೆ ಹಗಲು ಹಾಸುವುದು ಏನು? ನನ್ನ ಹಳೆಯ ಸೀರೆ. ಯಾಕೆಂದರೆ ಹಗಲು ಕೌದಿ ಬಿಸಿಲಲ್ಲಿರುತ್ತದೆ.

ತೊಟ್ಟಿಲ ಕಡೆ ಮತ್ತೆ ನೋಡಿದೆ. ಹಗ್ಗ ಕೆಂಪಗಿತ್ತು. ತಂದಾಗ ಬಿಳಿಯ ಹಗ್ಗವೇ ಅಲ್ಲವೇ ಅದು? ಕಣ್ಣು ಕಿರಿದು ಮಾಡಿ ನೋಡಿದರೆ ಆ ಕೆಂಪು ಸಣ್ಣಗೆ ಹರಿಯುತ್ತಿತ್ತು. ಶೀಟಿನ ಮೊಳೆಯ ತೂತಿನಿಂದ ಪೈಪಿಗೆ, ಪೈಪಿನಿಂದ ಹಗ್ಗಕ್ಕೆ, ಹಗ್ಗದಿಂದ ತೊಟ್ಟಿಲಿನೊಳಕ್ಕೆ. ಇರುವೆ! ಸಣ್ಣ ಕೆಂಪಿರುವೆ, ಕಚ್ಚಿದರೆ ಜೀವ ಹಿಂಡುವ ಜಾತಿ.

ಕೂಸನ್ನು ಮೆತ್ತಗೆ ಮಂಚದ ಮೇಲೆ ಮಲಗಿಸಿ ಎದ್ದೆ. ಸಾಲು ನೇರವಾಗಿ ಕೌದಿಯ ನಡುವಿನ ಚೌಕಕ್ಕೆ ಹೋಗಿ, ಹೊಲಿಗೆಯ ಸಂದಿನಲ್ಲಿ ಮಾಯವಾಗುತ್ತಿತ್ತು. ಕೆಂಪು ಬಟ್ಟೆಯ ಮೇಲೆ ಕೆಂಪು ಇರುವೆ, ದೀಪದ ಬೆಳಕಿಗೆ ಯಾರಿಗೆ ಕಾಣಬೇಕು? ಚೌಕವನ್ನು ಬೆರಳಿನಿಂದ ಒತ್ತಿದೆ. ಮೆತ್ತಗಿತ್ತು. ಮೂಸಿದೆ. ಬೆಲ್ಲ, ಏಲಕ್ಕಿ, ತುಪ್ಪ.

ಹೋಳಿಗೆ! ನಾವು ಬಡವರು ನಾಲ್ಕು ಜೋಳದ ಕಾಳು ಉಣಿಸಿ ಹೊಲಿಯುತ್ತೇವೆ. ಪ್ರೇಮಕ್ಕ ಮೊದಲ ಮೊಮ್ಮಗಳ ಸಡಗರಕ್ಕೆ ತುಪ್ಪ ಹಚ್ಚಿದ ಹೂರಣದ ಹೋಳಿಗೆಯನ್ನೇ ಮಡಿಚಿ ಇಟ್ಟಿದ್ದರು. ಸುರಪುರದ ಬಿಸಿಲಿಗೆ ಅದು ಒಂದೇ ದಿನಕ್ಕೆ ಒಣಗಿ ಹಪ್ಪಳವಾಗಿ ಹೋಗುತ್ತಿತ್ತು, ಯಾರಿಗೂ ತೊಂದರೆಯಿಲ್ಲ. ಇಲ್ಲಿಯ ತಂಪಿಗೆ ಹಾಗೇ ಹಸಿಯಾಗಿ ಉಳಿದು, ರಾಮಮೂರ್ತಿ ನಗರದ ಇರುವೆಗಳಿಗೆಲ್ಲ ದಿನಾ ಊಟಕ್ಕೆ ಎಲೆ ಹಾಕಿಸಿತ್ತು. ಹಗಲು ಬಿಸಿಲಿಗೆ ಚದುರಿ ಹೋಗುತ್ತಿದ್ದವು, ಉಳಿದವು ಸಂಜೆ ಕೊಡವಿದಾಗ ಉದುರುತ್ತಿದ್ದವು. ರಾತ್ರಿ ಮತ್ತೆ ಹಗ್ಗ ಹಿಡಿದು ಇಳಿಯುತ್ತಿದ್ದವು, ನಡುವೆ ಮಲಗಿದ ಕೂಸು ಮೈ ಹೊರಳಿಸಿದರೆ ಕಚ್ಚುತ್ತಿದ್ದವು. ನಾವು ಮಂಚದ ಕಾಲಿಗೆ ಸೀಮೆಎಣ್ಣೆ ಇಟ್ಟುಕೊಂಡು ನೆಲ ಕಾಯುತ್ತಿದ್ದೆವು!

ಅಷ್ಟರಲ್ಲಿ ಜಹನಾರಾ ಬಂದಳು. ತೋರಿಸಿದೆ. ಅವಳು ಬಾಯಿಗೆ ಕೈಯಿಟ್ಟು ಕೂತೇಬಿಟ್ಟಳು.

"ಯಾ ಅಲ್ಲಾ! ಸಿಕ್ಕಿಬಿದ್ರಲ್ಲ ಅಮ್ಮಾ ನಿಮ್ ಬೀಗಿತ್ತಿ! ಇಷ್ಟ್ ದಿನ ನಮ್ ಊರು, ನಮ್ ಮನೆ ಅಂತ ಬೈದಿದ್ದೇ ಬೈದಿದ್ದು. ಬರ್ಲಿ, ಮುಖದ ಮೇಲೆ ಹೇಳಿ. ನಾನೂ ಬರ್ತೀನಿ ನೋಡೋಕೆ."

"ಬಾಯಿ ಮುಚ್ಚೇ ಹುಡುಗಿ. ಮುಖದ ಮ್ಯಾಲ ಹೇಳಿದ್ರ ಏನಾಕ್ಕೈತಿ? ನನ್ನ ಮಾತು ಗೆಲ್ತೈತಿ. ಆಕಿ ಅವಮಾನಕ್ಕ ಅವತ್ತೇ ಗಂಟು ಕಟ್ತಾಳ. ತಾಯಿ ಕಣ್ಣೀರು ಹಾಕ್ಕೊಂತ ಹೊಂಟ್ರ ಮಗಳು ಹಿಂದ ಉಳೀತಾಳೇನು?"

"ಹಾಗಾದ್ರೆ ಈಗ್ಲೇ ಬಿಚ್ಚಿ ಬಿಸಾಕಿ. ಹೊಲಿದುಬಿಡೋಣ. ಯಾರಿಗ್ ಗೊತ್ತಾಗತ್ತೆ?"

"ಆ ಹೊಲಿಗಿ ನೋಡು. ಒಂದು ಹೊಲಿಗಿ ಆಚೆ ಈಚೆ ಆದ್ರೂ ಆಕಿಗೆ ತಿಳೀತೈತಿ. ಕೂಸಿನ ಕೌದಿ ಹೊಟ್ಟಿ ನಾ ಕೊಯ್ದೆ ಅಂದ್ರ ಮುಗೀತು, ಏಳು ಊರಿಗೆ ಕೇಳಂಗ ಅಳ್ತಾಳ. ಬಿಚ್ಚೋದಾದ್ರ ಆಕಿ ಕೈಲೆ ಬಿಚ್ಚಬೇಕು."

"ಅವ್ರು ಯಾಕ್ ಬಿಚ್ತಾರೆ?"

ಅದೇ ನನಗೂ ಗೊತ್ತಿರಲಿಲ್ಲ. ಕೂಸು ಎಚ್ಚರವಾಯಿತು. ಎತ್ತಿಕೊಂಡು ಅಂಗಳದ ಜಗಲಿಯ ತುದಿಯಲ್ಲಿ ಕೂತು ಮಳೆ ನೋಡಿದೆ. ಮಳೆಯ ನೀರು ಕಾಲುವೆ ಕಟ್ಟಿಕೊಂಡು ಅಂಗಳ ದಾಟುತ್ತಿತ್ತು. ನೀರು ನೋಡುತ್ತ ನೋಡುತ್ತ ನನಗೆ ದಾರಿ ಕಂಡಿತು.

ಸಂಜೆ ಅವರು ಬಂದ ಮೇಲೆ ಚಹಾ ಮಾಡಿ ಕೊಟ್ಟೆ. ಪ್ರೇಮಕ್ಕ ಕಾಲು ಚಾಚಿ ಕೂತು ತಂದ ಸಾಮಾನು ತೋರಿಸಿದರು. ಲಕ್ಷ್ಮಿಕಾಂತ ಮುಖ ಗಂಟು ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದ. ನಾನು ಕೌದಿಯನ್ನು ಒಂದು ಮೊರದಲ್ಲಿ ಇಟ್ಟು, ಮೇಲೆ ಅರಿಶಿನ ಕುಂಕುಮ ಹಾಕಿ ತಂದು ಅವರ ಎದುರಿಗಿಟ್ಟೆ. ಇರುವೆಯ ಸಾಲನ್ನು ಮೊದಲೇ ಕೊಡವಿದ್ದೆ. ಒಳಗಿನವು ಒಳಗೇ ಇದ್ದವು.

"ಬೀಗತಿಯವ್ರ, ಒಂದು ಶಾಸ್ತ್ರ ಮರತೇಬಿಟ್ಟಿದ್ವಿ."

"ಯಾವ ಶಾಸ್ತ್ರ?"

"ಈ ಕೌದಿ ಎಷ್ಟು ನದಿ ದಾಟಿ ಬಂದೈತಿ ಹೇಳ್ರಿ."

ಪ್ರೇಮಕ್ಕ ಯೋಚಿಸಿದರು. "ಕೃಷ್ಣಾ ಒಂದು, ತುಂಗಭದ್ರಾ ಒಂದು. ಯಾಕ?"

"ನದಿ ದಾಟಿದ ಕೌದಿಗೆ ದಾರ್ಯಾಗ ಹೊಟ್ಟಿ ಬರಿದಾಕ್ಕೈತಿ. ಹೊಸ ಮನಿಗೆ ಬಂದಮ್ಯಾಲ ಮತ್ತ ಉಣಿಸಬೇಕು. ಹೊಲಿದಾಕಿ ಕೈಲೇ ಬಿಚ್ಚಿ, ಗಂಡಿನ ಮನಿ ಕಾಳು ಹಾಕಿ, ಆಕಿನೇ ಹೊಲೀಬೇಕು. ನಮ್ಮ ಕಡೆ ಪದ್ಧತಿ. ಹಸದ ಕೌದಿ ಮ್ಯಾಲ ಕೂಸು ಮಲಗಿಸಿ, ನಿದ್ದಿ ಯಾಕ ಮಾಡವಲ್ದು ಅಂತ ಊರೆಲ್ಲ ಕೇಳಾಕತ್ತೀವಿ ನೋಡ್ರಿ ನಾವು."

ಲಕ್ಷ್ಮಿಕಾಂತ ತಲೆಯೆತ್ತಿ ನನ್ನನ್ನು ನೋಡಿದ. ಅವನು ಹುಟ್ಟಿದಾಗಿಂದ ಇಂಥ ಪದ್ಧತಿ ಕೇಳಿರಲಿಲ್ಲ, ಕೇಳುವುದಾದರೂ ಹೇಗೆ, ಹುಟ್ಟಿ ಇನ್ನೂ ಒಂದು ಮಧ್ಯಾಹ್ನವೂ ಆಗಿರಲಿಲ್ಲ ಅದು. ನಾನು ಅವನ ಕಡೆ ನೋಡಲಿಲ್ಲ.

"ನಾ ಎಲ್ಲೂ ಕೇಳಿಲ್ಲಲ್ರಿ," ಅಂದರು ಪ್ರೇಮಕ್ಕ.

"ಹೆಂಗ ಕೇಳ್ತೀರಿ? ನಿಮ್ಮ ಮನ್ಯಾಗ ಇಷ್ಟು ದೂರ, ಎರಡೆರಡು ನದಿ ಆಚೆ ಹೆಣ್ಣು ಕೊಟ್ಟವರು ಯಾರದಾರ? ನೀವೇ ಮೊದಲು."

ಬಾಗಿಲಲ್ಲಿ ನಿಂತಿದ್ದ ಜಹನಾರಾ ಸಹಾಯಕ್ಕೆ ಬಂದಳು. "ಹೌದ್ರೀ, ನಮ್ಮಲ್ಲೂ ಇದೆ. ರಜಾಯಿ ನದಿ ದಾಟಿದ್ರೆ ಬಿರಿಯಾನಿ..."

ನಾನು ಕೆಮ್ಮಿದೆ.

ನೀವೇ ಮೊದಲು ಅನ್ನುವ ಮಾತು ಪ್ರೇಮಕ್ಕನಿಗೆ ಹಿಡಿಸಿತು ಅಂತ ಕಾಣುತ್ತದೆ. ಸೀರೆ ಸರಿಮಾಡಿಕೊಂಡು ನೆಟ್ಟಗೆ ಕೂತರು. "ಬ್ಲೇಡು ತಾ ಜಯಾ," ಅಂದರು. ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು, ದೇವರನ್ನು ನೆನೆದು, ಚೌಕದ ಒಂದು ಬದಿಯ ಹೊಲಿಗೆಯನ್ನು ಪಟಪಟನೆ ಬಿಚ್ಚಿ, ಒಳಗೆ ಬೆರಳು ಹಾಕಿದರು.

"ಅಯ್ಯಯ್ಯಯ್ಯೋ ಯವ್ವಾ!"

ಕೌದಿ ಹಾರಿ ಅಂಗಳಕ್ಕೆ ಬಿತ್ತು. ಪ್ರೇಮಕ್ಕ ಎರಡೂ ಕೈ ಕೊಡವುತ್ತ ಕೋಣೆಯ ತುಂಬ ಕುಣಿದರು. ಮೊಣಕೈವರೆಗೂ ಕೆಂಪಿರುವೆ. ಜಯಮಾಲಾ ತಂಬಿಗೆಯ ನೀರು ಸುರಿದಳು, ಜಹನಾರಾ ಸೆರಗಿನಿಂದ ಬಡಿದಳು. ಹೊರಗೆ ಕೌದಿಯ ಹೊಟ್ಟೆಯಿಂದ ಕಪ್ಪಾದ ಹೋಳಿಗೆಯ ಮುದ್ದೆಯೊಂದು ಉರುಳಿ, ಅದರ ಸುತ್ತ ಇರುವೆಗಳು ಜಾತ್ರೆ ಬಿಟ್ಟ ಜನದ ಹಾಗೆ ದಿಕ್ಕುದಿಕ್ಕಿಗೆ ಓಡಿದವು. ದೊಡ್ಡಮುನಿಯಪ್ಪನವರ ನಾಟಿ ಕೋಳಿ ಎಲ್ಲಿತ್ತೋ, ಓಡಿ ಬಂತು. ಹಿಂದೆ ಮರಿಗಳೂ ಬಂದವು. ಕೊಕ್ಕೊಕ್ಕೋ ಅಂತ ಇರುವೆ, ಹೋಳಿಗೆ ಎರಡನ್ನೂ ಬಾರಿಸತೊಡಗಿದವು. ಸದ್ದಿಗೆ ದೊಡ್ಡಮುನಿಯಪ್ಪನವರೇ ಬಂದು, ನೋಡಿ, ಮೀಸೆ ತಿರುವಿದರು.

"ನಾನ್ ಹೇಳ್ಲಿಲ್ವಾ? ನನ್ ವಠಾರದಲ್ಲಿ ತಿಗಣೆ ಇಲ್ಲ ಅಂತ!"

ಒಳಗೆ ಪ್ರೇಮಕ್ಕ ಒದ್ದೆ ಕೈ ಹಿಡಿದುಕೊಂಡು ನಿಂತಿದ್ದರು. ಕೈಯ ಮೇಲೆ ಎದ್ದ ಗುಳ್ಳೆಗಳನ್ನು ನೋಡಿದರು, ಜಯಮಾಲಾಳ ಕಂಕುಳಲ್ಲಿದ್ದ ಕೂಸಿನ ತೊಡೆಯ ಮೇಲಿನ ಗುಳ್ಳೆಗಳನ್ನು ನೋಡಿದರು. ಎರಡೂ ಒಂದೇ ಥರ. ಅವರ ಮುಖ ಕುಸಿಯುತ್ತ ಹೋಯಿತು. "ನಾನೇ... ನನ್ನ ಕೈಯಾರೆ..." ಅಂದರು.

ಇಷ್ಟು ದಿನ ನಾನು ಕಾದಿದ್ದ ಗಳಿಗೆ ಅದೇ ಇರಬಹುದು. ಬೆಂಗಳೂರನ್ನು, ನನ್ನ ಮನೆಯನ್ನು ಅಂದದ್ದೆಲ್ಲಾ ಒಂದೇ ಮಾತಿನಲ್ಲಿ ತಿರುಗಿಸಬಹುದಿತ್ತು. ಆದರೆ ಆ ಅಜ್ಜಿಯ ಮುಖ ನೋಡಿದರೆ ಇನ್ನೊಬ್ಬ ಅಜ್ಜಿಗೆ ಅದು ಆಗುವ ಕೆಲಸವಲ್ಲ.

"ಏನು ಹೋಳಿಗಿ ಮಾಡಿದ್ರಿ ಬೀಗತಿಯವ್ರ!" ಅಂದೆ ಗಟ್ಟಿಯಾಗಿ. "ಬೆಂಗಳೂರ ಇರಿವಿ ಹುಟ್ಟಿದಾಗಿಂದ ಇಂಥ ರುಚಿ ಕಂಡಿಲ್ಲ. ಹಗ್ಗ ಹಿಡಕೊಂಡು ಇಳದು ಬಂದಾವ! ನೋಡ್ರಿ ಆ ಕೋಳಿನ್ನ, ಓನರ್ ಮನಿ ಕಾಳು ಇನ್ನ ಮ್ಯಾಲ ಮೂಸಿ ನೋಡಂಗಿಲ್ಲ ಅದು."

ಮೊದಲು ನಕ್ಕವಳು ಜಯಮಾಲಾ. ಬಾಯಿ ಮುಚ್ಚಿಕೊಂಡರೂ ತಡೆಯಲಾಗದೆ ಪುಸಕ್ಕನೆ ನಕ್ಕಳು. ಆಮೇಲೆ ಹೊಸ್ತಿಲ ಮೇಲಿದ್ದ ನನ್ನ ಮಗ. ಪ್ರೇಮಕ್ಕ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು, ಅಂಗಳದ ಕೋಳಿಯನ್ನು ನೋಡಿದರು, ಕಣ್ಣಲ್ಲಿ ನೀರಿಟ್ಟುಕೊಂಡೇ ನಗತೊಡಗಿದರು. ನಕ್ಕು ನಕ್ಕು ಸುಸ್ತಾಗಿ ಕೂತ ಮೇಲೆ ಅವರ ಹಳೆಯ ದನಿ ವಾಪಸು ಬಂತು.

"ಅಲ್ರಿ, ನಾ ಬಿಚ್ಚಿ ನೋಡ್ಲಿಲ್ಲಂದ್ರ ಗೊತ್ತಾಗ್ತಿತ್ತೇನು? ನೀವೆಲ್ಲ ತಗಣಿ, ಗುಂಗಾಡಿ ಅಂತ ಬಿಸಿನೀರು ಕಾಸಿಕೋತ ಕುಂತಿದ್ರಿ."

"ಎಲ್ಲಿಂದ ಗೊತ್ತಾಕ್ಕಿತ್ತು!" ಅಂದೆ. ಜಹನಾರಾ ಏನೋ ಅನ್ನಲು ಬಾಯಿ ತೆರೆದಳು. ಅವಳ ಕೈಗೆ ಚಹಾದ ಲೋಟ ಕೊಟ್ಟೆ.

ಅವತ್ತು ತೊಟ್ಟಿಲ ಹಗ್ಗಕ್ಕೂ ಪೈಪಿಗೂ ಸೀಮೆಎಣ್ಣೆಯ ಬಟ್ಟೆ ಉಜ್ಜಿದೆವು. ಲಕ್ಷ್ಮಿಕಾಂತ ಶೀಟಿನ ತೂತಿಗೆ ಸಿಮೆಂಟು ಮೆತ್ತಿದ. ಹಗ್ಗದ ವಾಸನೆ ಆರಲಿ ಅಂತ ಕೂಸನ್ನು ಆ ರಾತ್ರಿ ತಾಯಿಯ ಪಕ್ಕ ಮಲಗಿಸಿದೆವು. ಭಾನುವಾರ ಮೋಡ ಸರಿದು ಬಿಸಿಲು ಹೊಡೆಯಿತು. ಬಿಸಿನೀರಲ್ಲಿ ಅದ್ದಿ ತೊಳೆದ ಕೌದಿ ಮಧ್ಯಾಹ್ನದೊಳಗೆ ಒಣಗಿತು. ಪ್ರೇಮಕ್ಕ ಅಂಗಳದ ನಡುವೆ ಕೂತು, ನನ್ನ ಡಬ್ಬಿಯಿಂದ ಒಂದು ಚಿಟಿಕೆ ಜೋಳ ತೆಗೆದು ಕೌದಿಗೆ ಉಣಿಸಿ, ಅದೇ ಸಾಸಿವೆ ಹೊಲಿಗೆಯಲ್ಲಿ ಹೊಟ್ಟೆ ಮುಚ್ಚಿದರು. ವಠಾರದ ಹೆಂಗಸರೆಲ್ಲ ಸುತ್ತ ಕೂತಿದ್ದರು. "ನದಿ ದಾಟಿದ ಕೌದಿಗೆ ಹಿಂಗೇ ಮಾಡಬೇಕು," ಅಂತ ಪ್ರೇಮಕ್ಕ ಅವರಿಗೆಲ್ಲ ಬಿಡಿಸಿ ಹೇಳಿದರು.

ಆ ರಾತ್ರಿ ಕೂಸನ್ನು ಕೌದಿಯ ಮೇಲೆ ತೊಟ್ಟಿಲಲ್ಲೇ ಮಲಗಿಸಿದೆವು. ನಾವು ನಾಲ್ಕೂ ಜನ ಮಲಗಿದ ಹಾಗೆ ಮಾಡಿ ಕಣ್ಣು ಬಿಟ್ಟುಕೊಂಡೇ ಇದ್ದೆವು. ತೊಟ್ಟಿಲಿಂದ ಒಮ್ಮೆ ಸೀನಿದ ಸದ್ದು ಬಂತು, ನಾಲ್ವರೂ ಎದ್ದು ಕೂತೆವು. ಮತ್ತೇನೂ ಇಲ್ಲ. ಬೆಳಗಾಗಿ ಹಾಲಿನವನು ಗಂಟೆ ಬಾರಿಸಿದಾಗಲೂ ಅಂಜಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಎತ್ತಿ, ಅಂಗಿ ಬಿಚ್ಚಿ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆವು. ಹೊಸ ಗುಳ್ಳೆ ಒಂದೂ ಇರಲಿಲ್ಲ. ನಿದ್ದೆ ಕೆಡಿಸಿದ್ದಕ್ಕೆ ಅವಳು ನಮ್ಮೆಲ್ಲರ ಮೇಲೂ ಅತ್ತಳು. ಅಷ್ಟು ಇಂಪಾದ ಅಳು ನಾನು ಕೇಳಿಲ್ಲ.

ಸೋಮವಾರ ಪ್ರೇಮಕ್ಕ ಒಬ್ಬರೇ ರೈಲು ಹತ್ತಿದರು. ಕಿಟಕಿಯಿಂದ ಕೈ ಹಾಕಿ ನನ್ನ ಕೈ ಹಿಡಿದು, "ಕೂಸನ್ನ ನಿಮ್ಮ ಉಡಿಯಾಗ ಹಾಕಿ ಹೊಂಟೀನಿ," ಅಂದರು. ರೈಲು ಅಲುಗಿದ ಮೇಲೆ, "ಹೋಳಿಗಿ ವಿಷಯ ಊರಾಗ ಯಾರಿಗೂ ಹೇಳ್ಬ್ಯಾಡ್ರಿ ಮತ್ತ!" ಅಂತ ಕೂಗಿದರು. ನಾನು ಯಾರಿಗೂ ಹೇಳಲಿಲ್ಲ. ಈಗ ಹೇಳಬಹುದು, ಅವರೇ ಅದನ್ನು ನೆನೆದು ನಗುತ್ತಾರೆ. ಅಂಗಡಿಯನ್ನು ಅವರ ತಮ್ಮನ ಮಗ ನೋಡಿಕೊಳ್ಳುತ್ತಿದ್ದಾನೆ.

ಕೆಲವು ವರ್ಷ ಕಳೆದವು. ಅಂಜಲಿ ಆಗಲೇ ಶಾಲೆಗೆ ಹೋಗುತ್ತಿದ್ದಳು. ಜಹನಾರಾ ಇದ್ದ ಮನೆಗೆ, ಸುರಪುರದ ಹತ್ತಿರದ ಶಹಾಪುರದ ಕಡೆಯ ಹೊಸ ಸಂಸಾರ ಬಂತು. ಸುಜಾತಾ ಅಂತ ಹುಡುಗಿ, ಕೈಯಲ್ಲಿ ಹಸುಗೂಸು. ಸಾಮಾನು ಇಳಿಸಿದ ದಿನವೇ ಅವಳು ಜಗಲಿಯ ಮೇಲೆ ಕೂತು, ಹೊಸ ಕೌದಿಯೊಂದರ ನಡುವಿನ ಚೌಕವನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಳು. ನಾನು ಹತ್ತಿರ ಹೋಗಿ ನಿಂತೆ.

"ಏನು ಮಾಡಾಕತ್ತೀಯವ್ವ?"

"ಕೌದಿಗಿ ಉಣಿಸ್ಲಕತ್ತೀನ್ರಿ ಅಮ್ಮ. ನದಿ ದಾಟಿ ಬಂದದಲ್ರಿ. ಜ್ವಾಳಾನೇ ಹಾಕಬೇಕಂತ, ಸೀ ತಿನಿಸು ಹಾಕಬಾರದಂತ. ನಮ್ಮ ಕಡಿ ಹಿಂದಿನವರ ಕಾಲದಿಂದ ಬಂದ ಪದ್ಧತಿ," ಅಂದು ತಲೆಯೆತ್ತಿ ನನ್ನನ್ನು ನೋಡಿದಳು. "ನೀವೂ ನಮ್ಮ ಕಡಿಯವರೇ ಇದ್ದಂಗದ. ನಿಮಗ ಗೊತ್ತಿಲ್ಲೇನ್ರಿ?"

ನಾನು ಅವಳ ಪಕ್ಕದಲ್ಲಿ ಕೂತೆ. ಕೂಸನ್ನು ತೊಡೆಯ ಮೇಲೆ ತೆಗೆದುಕೊಂಡೆ.

"ಇಲ್ಲವ್ವ," ಅಂದೆ. "ಹೆಂಗ ಮಾಡ್ತಾರ, ತೋರಸು ನೋಡೋಣ."